ಹೊಟ್ಟಿನ ರಾಶಿಯ ಮೇಲೆ ಹಿಮಪಾದುಕೆ

೬ ಜನವರಿ ೨೦೨೫, ಬೆಳಿಗ್ಗೆ

ಕಾಫಿ ಆಯಿತು. ಪತ್ರಿಕೆಯಲ್ಲಿ ಎರಡು ಕಾಗುಣಿತದ ತಪ್ಪು ಗುರುತಿಸಿದ್ದಾಯಿತು. ಅನಂತರ ಪಾದುಕೆಯ ಪರೀಕ್ಷೆ.

ಮೊದಲ ಜೊತೆ ಅನುತ್ತೀರ್ಣ. ಹಿಮ್ಮಡಿಯ ಪ್ಲಾಸ್ಟಿಕ್ ಬಕಲನ್ನು ಹಲವು ಬಾರಿ ಬಿಗಿದು ಬಿಚ್ಚಿದೆ. ಸೀಳಿತು. ನಮ್ಮ ಜಗಲಿಯಲ್ಲೇ ಸೀಳುವಂಥದ್ದು ಹಿಮದ ನಡುವೆ ಉಳಿದೀತೇ?

ಅಂಗಡಿಯವರು ಇದನ್ನು ‘ಸ್ನೋ ಶೂ’ ಎನ್ನುತ್ತಾರೆ. ಶೂ ಅಲ್ಲವೇ ಅಲ್ಲ. ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಗಲವಾದ ಹಲಗೆ. ಕೆಳಗೆ ಉಕ್ಕಿನ ಹಲ್ಲುಗಳು. ದೇಹದ ಭಾರವನ್ನು ಹರಡಿ, ಮೆತ್ತನೆಯ ಹಿಮದಲ್ಲಿ ಕಾಲು ಹುಗಿಯದಂತೆ ತಡೆಯುತ್ತದೆ. ಹಿಮಪಾದುಕೆ ಎಂಬುದೇ ಸರಿಯಾದ ಪದವೆಂದು ನಿರ್ಧರಿಸಿದ್ದೇನೆ. ನನ್ನ ಪತ್ನಿ ಸಾವಿತ್ರಿ ‘ಆ ಮೊರ’ ಎನ್ನುತ್ತಾಳೆ.

ಧರಿಸುವವಳು ಅವಳೇ. ಫೆಬ್ರವರಿಯಲ್ಲಿ ಹಿಮಾಚಲದ ಬೆಟ್ಟಗಳಲ್ಲಿ ನಡಿಗೆ. ಕರೆದೊಯ್ಯುವವಳು ಭವ್ಯಾ — ನನ್ನ ಶಿಷ್ಯೆ, ನಮ್ಮ ಬಾಳೂರಿನ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಬೆಳೆದವಳು, ಈಗ ಹಿಮಾಚಲದಲ್ಲಿ ಗೈಡ್. ಇಪ್ಪತ್ತನೆಯ ತಾರೀಖಿನೊಳಗೆ ಹೆಸರು ಖಚಿತಪಡಿಸಬೇಕಂತೆ. ಪಾದುಕೆ ಬಾಡಿಗೆಗೂ ಸಿಗುತ್ತದಂತೆ. ಯಾರು ಯಾರೋ ತುಳಿದು ಸವೆಸಿದ್ದು... ಆಗದು. ಬಾಳಿಕೆ ಬರುವಂಥದ್ದನ್ನು ನಾನೇ ಆರಿಸುತ್ತೇನೆ, ಅಲ್ಲಿಯವರೆಗೆ ಹೆಸರು ಕೊಡಬೇಡ ಎಂದೆ ಸಾವಿತ್ರಿಗೆ. ಒಪ್ಪಿದಳು. ಒಪ್ಪುವಾಗ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

೮ ಜನವರಿ, ಸಂಜೆ

ಭವ್ಯಾಳಿಗೆ ಫೋನ್ ಮಾಡಿದೆ. ಪ್ರಶ್ನೆಗಳನ್ನು ಮೊದಲೇ ಸಿದ್ಧಮಾಡಿಕೊಂಡಿದ್ದೆ. ಚೌಕಟ್ಟಿಗೆ ತುಕ್ಕು ಹಿಡಿಯುತ್ತದೆಯೇ? ಪಟ್ಟಿಗೆ ಬೂಷ್ಟು ಬರುತ್ತದೆಯೇ? ಸಂದಿಗಳಲ್ಲಿ ರಕ್ತ ಹೀರುವ ಉಂಬಳ ನುಸುಳದೇ?

ಆ ಕಡೆ ಬಹಳ ಹೊತ್ತು ನಗು.

“ಮೇಷ್ಟ್ರೇ, ನೀವು ನಮ್ಮೂರ ಮಳೆಗಾಲಕ್ಕೆ ತಗೋತಿದೀರಿ. ಇಲ್ಲಿ ಉಂಬಳ ಒಂದಾದ್ರೂ ಸಿಕ್ರೆ ನಾನೇ ಹಿಡ್ಕೊಂಡು ಬಂದು ತೋರಿಸ್ತೀನಿ.”

“ಹಾಗಾದರೆ ಬಾಳಿಕೆ ಯಾವುದರಿಂದ ತಿಳಿಯಬೇಕು?”

“ಪಟ್ಟಿ ರಬ್ಬರಿನದಾಗಿರ್ಲಿ, ಪ್ಲಾಸ್ಟಿಕ್ ಚಳಿಗೆ ಒಡೆದುಹೋಗತ್ತೆ. ಕೈಯೆಲ್ಲ ಮರಗಟ್ಟಿರತ್ತೆ, ದಪ್ಪ ಗ್ಲೌಸ್ ಹಾಕ್ಕೊಂಡೇ ಕಟ್ಟಿ ಬಿಚ್ಚೋಕೆ ಬರ್ಬೇಕು. ಆಮೇಲೆ, ಕಾಲಿನ ಸೈಜ್ ಯಾರೂ ಕೇಳಲ್ಲ. ಬ್ಯಾಗ್ ಸಮೇತ ಎಷ್ಟು ತೂಕ ಅಂತ ನೋಡಿ ತಗೋಬೇಕು. ನರ್ಸಮ್ಮಂಗೆ ಫೋನ್ ಕೊಡಿ ಮೇಷ್ಟ್ರೇ.”

ಕೊಟ್ಟೆ. ಊರಿನ ನರ್ಸಮ್ಮ ಸಾವಿತ್ರಿಯೇ. ಇಬ್ಬರೂ ಸೇರಿ ಇನ್ನಷ್ಟು ನಕ್ಕರು. ನಾನು ಕಾಲಿನ ಅಳತೆಯನ್ನೇ ಕೊಟ್ಟು ತರಿಸಿದ್ದೆ ಎಂಬುದನ್ನು ಹೇಳಲಿಲ್ಲ.

ಹೊಸದಕ್ಕೆ ಆರ್ಡರ್ ಹಾಕಿದೆ. ಅಲ್ಯೂಮಿನಿಯಂ ಚೌಕಟ್ಟು, ರಬ್ಬರ್ ಪಟ್ಟಿ.

೧೨ ಜನವರಿ

ಎರಡನೆಯ ಜೊತೆ ಬಂತು. ರಿವೆಟ್‌ಗಳು ಒಂದೇ ಸಾಲಿನಲ್ಲಿವೆ. ಪಟ್ಟಿ ಎಳೆದರೆ ಎಳೆದಷ್ಟೇ, ಬಿಟ್ಟರೆ ಯಥಾಸ್ಥಿತಿ. ಮುಂಗಾಲಿನ ಕೆಳಗೊಂದು ಕೀಲು. ಹೆಜ್ಜೆಯೆತ್ತಿದಾಗ ಹಲಗೆಯ ಹಿಂಭಾಗ ಜೋತುಬೀಳಲು. ತಪ್ಪು ಹುಡುಕಿದೆ. ಸಿಗಲಿಲ್ಲ. ಸಂತೋಷವಾಗಬೇಕಿತ್ತು.

ಕಳೆದ ಆಷಾಢದಲ್ಲಿ ಸಾವಿತ್ರಿ ಹಳ್ಳ ದಾಟುವ ಮರದ ಸಂಕದ ಮೇಲೆ ಜಾರಿ ಎಡ ಕಣಕಾಲು ಮುರಿದುಕೊಂಡಳು. ಕೂಗಿದ್ದು ಮಳೆಯಲ್ಲಿ ನನಗೆ ಕೇಳಿಸಲೇ ಇಲ್ಲ. ಈಗ ಮೂಳೆ ಕೂಡಿದೆ, ಧಾರಾಳವಾಗಿ ನಡೆಯಿರಿ ಎಂದಿದ್ದಾರೆ ಮೂಡಿಗೆರೆಯ ಡಾಕ್ಟರು. ಡಾಕ್ಟರು ಆ ಸಂಕವನ್ನು ಕಂಡಿಲ್ಲ.

ಕೀಲಿಗೆ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಾಕಿದೆ. ಮಳೆಗಾಲಕ್ಕೆ ಮುಂಚೆ ಬೀಗ, ಬೂಟು, ಕೊಡೆಗಳಿಗೆಲ್ಲ ಹಾಕುವಂತೆ.

೧೫ ಜನವರಿ, ಬೆಳಿಗ್ಗೆ

ಕೀಲು ಹಿಡಿದುಕೊಂಡಿದೆ. ತಿರುಗದು! ತಿರಸ್ಕೃತ. ಪೆಟ್ಟಿಗೆಗೆ ಹಾಕಿ ಟೇಪು ಸುತ್ತುತ್ತಿದ್ದೆ.

“ರೀ, ಯಾಕೆ ಪ್ಯಾಕ್ ಮಾಡ್ತಿದೀರಿ?”

“ಕೀಲು ಸರಿಯಿಲ್ಲ. ವಾಪಸು ಕಳಿಸಿ ಬೇರೆ ತರಿಸೋಣ.”

“ಅದು ಬರೋ ಹೊತ್ತಿಗೆ ಇಪ್ಪತ್ತನೇ ತಾರೀಖು ಕಳೆದುಹೋಗಿರತ್ತೆ.”

“ಕಳೆದರೆ ಮುಂದಿನ ವರ್ಷ ಹೋದರಾಯ್ತು ಮಾರಾಯ್ತಿ.”

ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಮುಚ್ಚಳ ತೆಗೆದು ನನ್ನ ಮುಂದೆ ತಲೆಕೆಳಗಾಗಿ ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. ಬೆಳಗಿನ ಚಳಿಗೆ ಬೆಳ್ಳಗೆ ಗಟ್ಟಿಯಾಗಿತ್ತು.

“ಬಾಳೂರಿನ ಚಳಿಗೇ ಹಿಂಗೆ. ಇದನ್ನ ಹಚ್ಚಿ ಹಿಮಕ್ಕೆ ಕಳಿಸೋರು ಪ್ರಪಂಚದಲ್ಲಿ ನೀವೊಬ್ರೇ.”

ಟೇಪು ಕಿತ್ತಳು. ಪಾದುಕೆಯನ್ನು ಬಚ್ಚಲೊಲೆಯ ಹತ್ತಿರ ಹಿಡಿದಳು. ಎಣ್ಣೆ ಕರಗಿ ತೊಟ್ಟಿಕ್ಕಿತು. ಕೀಲು ಸರಾಗವಾಗಿ ತಿರುಗಿತು. ಸೀಗೆಪುಡಿ ಹಾಕಿ ತಿಕ್ಕಿ ತೊಳೆಯುತ್ತ, ನನ್ನ ಕಡೆ ನೋಡದೆಯೇ ಹೇಳಿದಳು:

“ಮೂವತ್ತು ವರ್ಷ ಲಸಿಕೆ ಡಬ್ಬಿ ಹೊತ್ಕೊಂಡು ಈ ಗುಡ್ಡಗಳನ್ನ ಹತ್ತಿದೀನಿ. ಯಾವ ಚಪ್ಪಲಿ ಹಾಕ್ಕೊಂಡಿದೀಯ ಅಂತ ಒಂದಿನ ಕೇಳ್ಲಿಲ್ಲ ನೀವು. ಈಗ ನಿಮಗೆ ಬೇಕಾಗಿರೋದು ಗಟ್ಟಿ ಮೊರ ಅಲ್ಲ. ನಾನು ಹೋಗದೆ ಇರೋಕೆ ಒಂದು ಕಾರಣ.”

ಈ ಮಾತಿನಲ್ಲಿ ತಿದ್ದುವಂಥದ್ದು ಏನೂ ಸಿಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಮತ್ತೆ ಅವಳೇ: “ಪರೀಕ್ಷೆ ತಾನೇ ಬೇಕು ನಿಮಗೆ? ಬಸವರಾಜಪ್ಪೋರ ಕಾಫಿ ಮಿಲ್ಲಿನ ಹಿಂದೆ ಹೊಟ್ಟಿನ ರಾಶಿ ಬಿದ್ದಿದೆ. ಅದರ ಮೇಲೆ ನಡೀತೀನಿ. ಹುಗಿದ್ರೆ ಹೋಗಲ್ಲ. ಹುಗೀದಿದ್ರೆ ನೀವು ಬಾಯಿ ಬಿಡಬಾರ್ದು.”

ಒಪ್ಪಿದೆ.

೧೭ ಜನವರಿ, ಮಧ್ಯಾಹ್ನ

ಒಣಗಿದ ಕಾಫಿ ಹಣ್ಣನ್ನು ಮಿಲ್ಲಿಗೆ ಹಾಕಿದಾಗ ಬೀಜ ಒಂದು ಕಡೆ, ಹೊಟ್ಟು ಇನ್ನೊಂದು ಕಡೆ ಬೀಳುತ್ತದೆ. ಸುಗ್ಗಿಯ ಸಮಯವಾದ್ದರಿಂದ ರಾಶಿ ಮಿಲ್ಲಿನ ಸೂರಿಗೆ ಮುಟ್ಟುವಂತಿತ್ತು. ಕಂದು ಬಣ್ಣದ ಬೆಟ್ಟ. ಗಾಳಿ ಬಂದರೆ ಮೇಲಿನ ಪದರ ಹಾರುತ್ತದೆ. ಹಿಮವೂ ಹೀಗೆಯೇ ಹಾರುತ್ತದೆಂದು ಭವ್ಯಾ ಹೇಳಿದ್ದಳು.

ಸಾವಿತ್ರಿ ಸೀರೆಯ ಮೇಲೊಂದು ಹಳೆಯ ಸ್ವೆಟರ್ ಹಾಕಿ, ಸೆರಗು ಸಿಕ್ಕಿಸಿ, ಬೂಟಿಗೆ ಪಾದುಕೆ ಕಟ್ಟುತ್ತಿದ್ದಳು. ಕೈಗೆ ಅಡುಗೆಮನೆಯ ಮಸಿಬಟ್ಟೆ ಸುತ್ತಿಕೊಂಡು! ಗ್ಲೌಸಿನ ಬದಲಿಗಂತೆ. ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

ಬಿದ್ದರೆ ಹಿಡಿಯಲು ಯಾರಾದರೂ ಮುಂದೆ ಇರಬೇಕಷ್ಟೆ. ನಾನು ಮೊದಲೇ ರಾಶಿ ಹತ್ತಿದೆ. ಬರಿಯ ಬೂಟಿನಲ್ಲಿ. ಮೂರು ಹೆಜ್ಜೆ ಸರಿಯಾಗಿತ್ತು. ನಾಲ್ಕನೆಯದಕ್ಕೆ ಸೊಂಟದವರೆಗೆ ಇಳಿದುಬಿಟ್ಟೆ.

ಮಿಲ್ಲಿನ ಬಾಗಿಲಿನಿಂದ ಬಸವರಾಜಪ್ಪ: “ಏನ್ ಮೇಷ್ಟ್ರೇ, ನಾಟಿ ಮಾಡಿದ ಹಾಗೆ ನಿಂತುಬಿಟ್ರಲ್ಲ! ಚಿಗುರೋವರೆಗೆ ಬಿಡ್ಲಾ?”

ಕಾಲು ಎಳೆದಷ್ಟೂ ಒಳಗೆ. ಹೊಟ್ಟು ಅಂಗಿಯೊಳಗೆ, ಕನ್ನಡಕದೊಳಗೆ. ಆಗ ಹಿಂದಿನಿಂದ ಶಬ್ದ ಕೇಳಿಸಿತು. ಸರ್... ಸರ್... ಅವಸರವಿಲ್ಲದ ಹೆಜ್ಜೆ. ಕಾಲುಗಳನ್ನು ಸ್ವಲ್ಪ ಅಗಲಿಸಿ ಇಟ್ಟು, ಕೋಲೂರಿ, ರಾಶಿಯ ಮೇಲೆ ಮೇಲೆಯೇ ಬಂದಳು. ಎಡಗಾಲು ಊರುವಾಗ ಉಸಿರು ಬಿಗಿಹಿಡಿದೆ. ಊರಿತು. ಹಲಗೆ ಎರಡು ಬೆರಳಿನಷ್ಟು ತಗ್ಗಿತು, ಅಷ್ಟೇ.

ನನ್ನ ತಲೆಯ ಎತ್ತರದಲ್ಲಿ ಅವಳ ಮೊಣಕಾಲು. ಕೋಲು ಚಾಚಿದಳು.

“ಹಿಡ್ಕೊಳ್ಳಿ. ಎಳೀಬೇಡಿ, ನಾನು ಎಳೀತೀನಿ.”

ಎಳೆದಳು. ಬಂದೆ. ನನ್ನ ಎಡ ಬೂಟು ಇನ್ನೂ ಬಸವರಾಜಪ್ಪನ ಹೊಟ್ಟಿನಲ್ಲಿದೆ.

ಷರತ್ತಿನಂತೆ ಬಾಯಿ ಬಿಡಲಿಲ್ಲ. ಅವಳು ಅಲ್ಲಿಯೇ, ರಾಶಿಯ ತುದಿಯಲ್ಲಿ ನಿಂತು, ಭವ್ಯಾಳಿಗೆ ಫೋನ್ ಮಾಡಿ ಹೆಸರು ಕೊಟ್ಟಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ನರ್ಸಮ್ಮ ಎಂದು ಊರೆಲ್ಲ ಕರೆಯುತ್ತಿದ್ದ ಕಾಲದ ನಡಿಗೆ ಅದು. ಮುರಿದದ್ದು ಕಾಲು ಮಾತ್ರ. ನಡಿಗೆಯೂ ಹೋಯಿತೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಫೋನನ್ನು ನನ್ನ ಕಡೆ ಹಿಡಿದು, “ಭವ್ಯಾ ಕೇಳ್ತಿದಾಳೆ, ಒಂದು ಹೆಸರೋ ಎರಡೋ ಅಂತ. ನಿಮ್ಮದನ್ನ ನಾನು ಹೇಳಲ್ಲ” ಎಂದಳು.

ಒಂದೇ ಬೂಟಿನಲ್ಲಿ ನಿಂತು ಯೋಚಿಸಿದೆ. ಅವಳನ್ನು ಹಿಡಿಯಲು ಹೋಗುವೆನೆಂದು ಹೇಳುವ ಯೋಗ್ಯತೆ ಇನ್ನು ಉಳಿದಿರಲಿಲ್ಲ. ನೋಡಬೇಕೆನಿಸಿತು. ಅವಳು ಹಿಮದ ಮೇಲೆ ನಡೆಯುವುದನ್ನು.

“ಎರಡು” ಎಂದೆ.

೧೮ ಜನವರಿ

ಬೂಟು ಸಿಕ್ಕಿತು. ನನ್ನ ಪಾದುಕೆಗೆ ತೂಕ ಬೇಕಲ್ಲ — ಬೆನ್ನಿಗೆ ಚೀಲ ಹೊತ್ತು, ಮಿಲ್ಲಿನಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತೆ.

“ಇದು ಹಸಿ ತೂಕ ಮೇಷ್ಟ್ರೇ. ಕಣದಲ್ಲಿ ಒಣಗಿಸಿ ತಂದ್ರೆ ಅರ್ಧ ಉಳೀಬಹುದು” ಎಂದ ಬಸವರಾಜಪ್ಪ. ಸಾವಿತ್ರಿ ತೂಕವನ್ನು ಎರಡು ಸಲ ನೋಡಿ, ಚೀಲದಿಂದ ನನ್ನ ನಿಘಂಟನ್ನು ತೆಗೆದಿಟ್ಟಳು.

೧೪ ಫೆಬ್ರವರಿ, ಹಿಮಾಚಲ, ಬೆಳಿಗ್ಗೆ

ಪೆನ್ನು ಬರೆಯುತ್ತಿಲ್ಲ. ಪೆನ್ಸಿಲ್. ಬೆರಳು ಮರಗಟ್ಟಿದೆ, ಅಕ್ಷರ ಸೊಟ್ಟ. ಕ್ಷಮ್ಯ.

ಹೊರಗೆ ಎಲ್ಲವೂ ಬಿಳಿ. ಇದಕ್ಕೆ ಸರಿಯಾದ ಪದವನ್ನು ನಿನ್ನೆಯಿಂದ ಹುಡುಕುತ್ತಿದ್ದೇನೆ. ದೊರೆತಿಲ್ಲ. ಅವಸರವೂ ಇಲ್ಲ.

ಭವ್ಯಾ ಎಲ್ಲರ ಪಾದುಕೆಯ ಪಟ್ಟಿ ಪರೀಕ್ಷಿಸುತ್ತ ಬಂದಳು. ಸಾವಿತ್ರಿಯದನ್ನು ನೋಡಿ, “ಯಾರು ಆರ್ಸಿದ್ದು ಇದನ್ನ? ಚೆನ್ನಾಗಿದೆ” ಎಂದಳು. “ನಿಮ್ಮ ಮೇಷ್ಟ್ರು” ಎಂದಳು ಸಾವಿತ್ರಿ. ಎಣ್ಣೆಯ ವಿಷಯ ಎತ್ತಲಿಲ್ಲ.

ಅವಳು ಆಗಲೇ ಹೊರಟಿದ್ದಾಳೆ. ಡೇರೆಯ ಬಾಗಿಲಿನಿಂದ ಕಾಣುತ್ತಿದೆ — ಏರಿನ ಮೇಲೆ ಅವಳ ಹೆಜ್ಜೆಗಳ ಸಾಲು. ಎಡಗಾಲಿನದೂ ಬಲಗಾಲಿನಷ್ಟೇ ಆಳ. ಈಗ ನಿಂತು ತಿರುಗಿದಳು.

“ರೀ! ಬರೆದಿದ್ದು ಸಾಕು, ಬನ್ನಿ! ನಾನು ತುಳಿದಲ್ಲೇ ತುಳೀರಿ, ಹುಗಿಯಲ್ಲ!”

ಎಡಗಾಲಿನ ಪಟ್ಟಿ ಬಿಗಿದಿದ್ದೇನೆ. ಬಲಗಾಲಿನದು