ಬಿಳಿಕಣಗಳ ಹಾಜರಿ

ಮಾದಾಪುರ
೧೧ ಮಾರ್ಚ್ ೨೦೨೪

ಚಿ. ಸೌ. ಸೌಜನ್ಯಳಿಗೆ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಕಾಫಿ ಕುಯ್ಲು ಇತ್ತು ಎನ್ನಬಹುದು. ಅದು ಜನವರಿಯಲ್ಲೇ ಮುಗಿಯಿತು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬೇರೆ ಏನನ್ನೋ ಮಾತಾಡಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ಬಲಗಾಲಿಗೆ ಈಗ ಸ್ವಾಧೀನವಿಲ್ಲ. ಎಡಗಣ್ಣಿಗೆ ಬೆಳಕಷ್ಟೇ ತಿಳಿಯುತ್ತದೆ. ನಿನ್ನೆ ಎಸ್ಟೇಟಿನ ಕೂಲಿ ಲೈನಿನ ರಾಮಮ್ಮ ತಲೆ ಬಾಚುತ್ತಾ, “ಅಕ್ಕಾ, ಕನ್ನಡಿ ಕೊಡ್ಲಾ?” ಎಂದಳು. “ಕೊಡು. ಒಂದೇ ಕಣ್ಣಲ್ಲಿ ನೋಡಿದ್ರೆ ಅರ್ಧ ವಯಸ್ಸೇ ಕಾಣೋದು” ಎಂದು ಅಮ್ಮ ನಕ್ಕಳು. ನಾನು ಹೊರಗೆ ಹೋದೆ.

ಮೈಸೂರಿನ ಡಾಕ್ಟರು ಹೇಳಿದ್ದು ಇಷ್ಟು. ಸೋಂಕಿನಿಂದ ಕಾಯಬೇಕಾದ ಬಿಳಿಕಣಗಳೇ ರಕ್ತದಿಂದ ಮಿದುಳಿಗೆ ದಾಟಿ ನರಗಳ ಹೊದಿಕೆಯನ್ನು ಹಾಳುಮಾಡುತ್ತವೆ. ಅವಳು ಮೂರು ವರ್ಷದಿಂದ ನುಂಗುತ್ತಿರುವ ಮಾತ್ರೆ ಅವನ್ನು ಕೊಲ್ಲುವುದಿಲ್ಲ. ಗ್ರಂಥಿಗಳಿಂದ ಹೊರಡದಂತೆ ಹಿಡಿದಿಡುತ್ತದೆ. ಈ ಸಲ ಎಲ್ಲ ಒಟ್ಟಿಗೆ ಹೊರಟಿವೆಯಂತೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ಹೋದ ನರ ಮರಳುವುದು ಕಷ್ಟ ಎಂದರು. ಡಾಕ್ಟರುಗಳು ಕಷ್ಟ ಎಂದರೆ ಏನೆಂದು ಈಗ ನನಗೆ ಗೊತ್ತು.

ಡಿಸೆಂಬರಿನಲ್ಲಿ ನೀನು ಸುನಿಲನನ್ನು ರಿಜಿಸ್ಟರ್ ಮದುವೆಯಾದ ಸುದ್ದಿ ಬಂದ ವಾರವೇ ಅವಳು ಅಂಗಳದಲ್ಲಿ ಬಿದ್ದಳು. “ಮಗಳು ಕೊಟ್ಟ ಪೆಟ್ಟು ನೋಡಣ್ಣ” ಎಂದ ನಿನ್ನ ಕೀರ್ತಿ ಚಿಕ್ಕಪ್ಪ. ನಾನು ಸುಮ್ಮನಿದ್ದೆ. ‘ನನ್ನಿಂದಲೇ ಆಯ್ತಾ ಅಪ್ಪ?’ ಎಂದು ನೀನು ಎರಡು ಕಾಗದಗಳಲ್ಲೂ ಕೇಳಿದೆ. ಆಗಲೂ ಸುಮ್ಮನಿದ್ದೆ.

ಮನೆಗೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಅಮ್ಮ ದಿನವೂ ಕೇಳುತ್ತಾಳೆ. ಇಬ್ಬರೂ ಚೆನ್ನಾಗಿರಿ. ಸುನಿಲನಿಗೂ ನನ್ನ ಆಶೀರ್ವಾದ ಹೇಳು, ತಡವಾಯಿತು, ಗೊತ್ತು.

ನಿನ್ನ ಅಪ್ಪ,
ಚಿದಾನಂದ

ತಾ.ಕ.: ನಿನ್ನಿಂದ ಅಲ್ಲ. ಅಕ್ಟೋಬರಿನ ರಕ್ತಪರೀಕ್ಷೆಯಲ್ಲಿ ಬಿಳಿಕಣ ತೀರಾ ಕಡಿಮೆ ಇತ್ತು. ಲೈನಿನಲ್ಲಿ ಜ್ವರ ಹರಡಿತ್ತು, ನನಗೆ ಹೆದರಿಕೆಯಾಯಿತು. ಇಪ್ಪತ್ತು ವರ್ಷ ಎಸ್ಟೇಟಿನ ರೈಟರಾಗಿ ಬೆಳಗಿನ ಹಾಜರಿ ತೆಗೆದವನು ನಾನು. ಎದುರಿಗೆ ನಿಲ್ಲದವರನ್ನು ಬಂದಿಲ್ಲ ಎಂದು ಬರೆದೇ ರೂಢಿ. ಅವು ಒಳಗೇ ಇವೆ, ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತೇ ಅದು ಎಂದು ಹೊಳೆಯಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ಆ ಮಾತ್ರೆ ನಿಲ್ಲಿಸೋಣ ಎಂದರೆ ಅವಳು ಒಪ್ಪುವುದಿಲ್ಲವೆಂದು, ಎರಡು ತಿಂಗಳು ಅದೇ ಡಬ್ಬಿಯಿಂದ ವಿಟಮಿನ್ ಮಾತ್ರೆ ಕೊಟ್ಟೆ.

“ಮಧ್ಯೆ ಏನಾದ್ರೂ ನಿಲ್ಸಿದ್ರಾ?” ಎಂದು ಡಾಕ್ಟರು ಕೇಳಿದಾಗ ಅಮ್ಮನೇ ಹೇಳಿದಳು: “ಒಂದಿನಾನೂ ತಪ್ಸಿಲ್ಲ ಡಾಕ್ಟ್ರೇ. ಇವ್ರೇ ಕೈಯಾರೆ ಕೊಡ್ತಾರೆ.”

ಅವರು ನನ್ನ ಕಡೆ ನೋಡಿದರು. ಹೌದು ಎಂದೆ.