ಡೈರೆಕ್ಟರ್ ಸಾಹೇಬರ ಬಾಕಿ ನಮಸ್ಕಾರ

ಕೆಳಗಿನ ಮನೆಯ ಯೂಜೆಫ್ ಅಂಕಲ್,

ನಿಮಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಪೋಲಿಷ್ ಬರುವುದಿಲ್ಲ. ಇಷ್ಟು ವರ್ಷ ಇಬ್ಬರೂ ಹರಕು ಇಂಗ್ಲಿಷಿನಲ್ಲೇ ಏಗಿದೆವು. ಸತ್ತ ಮೇಲೂ ನಿಮಗೆ ಆ ಕಾಟ ಯಾಕೆಂದು ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ನನಗೂ ದಣಿವಾಗಿದೆ. ಯಾರ ಕೈಲಾದರೂ ಓದಿಸಿಕೊಳ್ಳುವುದು ನಿಮ್ಮ ಕೆಲಸ.

ಮೊದಲ ಸಲ ನನ್ನನ್ನು ಮಾತಾಡಿಸಿದ್ದು ನೆನಪಿದೆಯೇ? ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಈ ಅಪಾರ್ಟ್‌ಮೆಂಟಿಗೆ ನಾವು ಬಂದು ವಾರವೂ ಆಗಿರಲಿಲ್ಲ. ಲಾಂಡ್ರಿ ರೂಮಿನಲ್ಲಿ ನೀವೂ ನಾನೂ ಮಷಿನ್ ನಿಲ್ಲುವುದನ್ನೇ ಕಾಯುತ್ತ ಕೂತಿದ್ದೆವು. ಊರಲ್ಲಿ ಅಪ್ಪನಿಗೆ ಏನು ಕೆಲಸ ಎಂದು ಕೇಳಿದಿರಿ. ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿಯುತ್ತಿದ್ದ ಎಂದೆ. ನೀವು ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಎದ್ದು ನಿಂತು ನನ್ನ ಕೈ ಕುಲುಕಿದಿರಿ. ನನ್ನಪ್ಪನ ಸಲುವಾಗಿ ಒಬ್ಬರು ಎದ್ದು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲಿನದು ರೂಢಿಯಾಯಿತು. ರಜೆಯ ಮಧ್ಯಾಹ್ನ ನಾನು ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಿಡಿದು ಇಳಿದು ಬರುವುದು, ನೀವು ರೊಟ್ಟಿಗೆ ಬೆಣ್ಣೆ ಸವರಿ ಚಾಕುವಿನಿಂದ ಕತ್ತರಿಸಿ ತಿನ್ನುವುದು. "ಆ ಮುದುಕರ ಕೂಡ ಅಷ್ಟೊತ್ತು ಏನ್ ಮಾತಾಡ್ತಿ?" ಎಂದು ನನ್ನ ಗಂಡ ಶರಣು ಕೇಳುತ್ತಿದ್ದ. ಕಲ್ಲಿದ್ದಲು ಎನ್ನುತ್ತಿದ್ದೆ. "ಕಲ್ಲಿದ್ದಲಾಗ ಅಷ್ಟೇನೈತಿ ಮಾರಾಯ್ತಿ?"

ಇತ್ತಲ್ಲ, ಅಂಕಲ್. ಕಲ್ಲಿದ್ದಲು ಅಗೆಯುವವನ ಮಗ ನೀವು. ಕಮ್ಯುನಿಸ್ಟ್ ಪಾರ್ಟಿ ನಿಮ್ಮನ್ನು ಓದಿಸಿತು. ಪಾರ್ಟಿಯ ಕಾರ್ಡಿಲ್ಲದೆ ಒಂದು ಮೆಟ್ಟಿಲೂ ಮೇಲೇರುವಂತಿರಲಿಲ್ಲ, ಕಾರ್ಡು ತೆಗೆದುಕೊಂಡಿರಿ. ಶಿಫ್ಟ್ ಎಂಜಿನಿಯರ್ ಆದಿರಿ, ಗಣಿಗೇ ಡೈರೆಕ್ಟರ್ ಆದಿರಿ, ಕೊನೆಗೆ ವಾರ್ಸಾದ ಸಚಿವಾಲಯದಲ್ಲಿ ಕುರ್ಚಿ. ಆ ಸರ್ಕಾರ ಬಿದ್ದ ಮೇಲೆ ಮಗಳಿದ್ದಾಳೆಂದು ಈ ದೇಶಕ್ಕೆ ಬಂದಿರಿ. ಡೈರೆಕ್ಟರ್ ಆಗಿದ್ದಾಗ ದಿನಾ ಬೆಳಿಗ್ಗೆ ರಾಜಧಾನಿಯಿಂದ ಫೋನ್ ಬರುತ್ತಿತ್ತಂತೆ, ಎಷ್ಟು ಟನ್ ಎಂದು. ಟನ್ನು ಸಾಲದಿದ್ದರೆ ಭಾನುವಾರವೂ ಜನ ಗಣಿಗೆ ಇಳಿಯಬೇಕು. ಆ ಆರ್ಡರಿನ ಕೆಳಗೆ ನಿಮ್ಮ ಸಹಿ. ಊರಲ್ಲಿ ಮಾಂಸ ಸಿಗದ ಕಾಲ, ಇಳಿದವರಿಗೆ ಮಾಂಸ ಸಿಗುವ ಬೇರೆ ಅಂಗಡಿ. ಇಳಿಯದವರಿಗೆ… ಅಲ್ಲಿಗೆ ಬಂದಾಗಲೆಲ್ಲ ನೀವು ಚಹಾ ತಣ್ಣಗಾಯಿತು ಎನ್ನುತ್ತಿದ್ದಿರಿ. ನಾನೂ ಕೆದಕುತ್ತಿರಲಿಲ್ಲ.

ಒಂದು ದಿನ ಮಾತ್ರ ನೀವಾಗಿಯೇ ಹೇಳಿದಿರಿ. ನಿಮ್ಮ ಕಡೆಯ ಗಣಿಗಳಲ್ಲಿ ಜನ ಎದುರಾದರೆ "ಶ್ಚೆಂಶ್ಚ್ ಬೋಝೆ" ಎನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ ಎಂದು. ಉತ್ತರವೂ ಅದೇ ಮಾತು. ಕೆಳಗಿಳಿದವನು ಮೇಲೆ ಬರುತ್ತಾನೋ ಇಲ್ಲವೋ, ಹಾಗಾಗಿ ಯಾರೂ ಅದನ್ನು ತಪ್ಪಿಸುವುದಿಲ್ಲ. ನೀವು ಡೈರೆಕ್ಟರ್ ಆದ ದಿನ ಪಾರ್ಟಿಯವನೊಬ್ಬ ಬಂದು, "ಇನ್ನು ದೇವರ ಹೆಸರೆಲ್ಲ ಬೇಡ, ಗುಡ್ ಡೇ ಅಂದ್ರೆ ಸಾಕು," ಎಂದನಂತೆ. ಮರುದಿನ ಕೆಳಗಿಳಿಯಲು ಸಾಲು ನಿಂತವರು ಒಬ್ಬೊಬ್ಬರಾಗಿ ದೇವರ ಹೆಸರು ಹೇಳಿದರು, ನೀವು ಒಬ್ಬೊಬ್ಬರಿಗೂ ಗುಡ್ ಡೇ ಹೇಳುತ್ತ ಹೋದಿರಿ. ಆ ಸಾಲಿನಲ್ಲಿ ನಿಮ್ಮಪ್ಪನೂ ಇದ್ದರು. ಅವರಿಗೂ ಅದನ್ನೇ ಹೇಳಿದಿರಿ.

"ಅಪ್ಪ ಏನಂದ್ರು ಅಂಕಲ್?"

"ಸಂಜೆ ಊಟಕ್ಕೆ ಕೂತಾಗ, 'ಡೈರೆಕ್ಟರ್ ಸಾಹೇಬ್ರೇ, ಉಪ್ಪು ಈ ಕಡೆ ಕೊಡಿ' ಅಂದ. ಸಾಯೋವರೆಗೂ ಹಾಗೇ ಕರೆದ."

ಹೆನ್ರಿಕ್ ಇದೇ ಬಿಲ್ಡಿಂಗಿಗೆ ಬಾಡಿಗೆಗೆ ಬಂದದ್ದು ಯಾವ ಗ್ರಹಚಾರವೋ. ನಿಮ್ಮ ಗಣಿಯಲ್ಲೇ ಕಲ್ಲಿದ್ದಲು ಅಗೆದವನು, ಮುಷ್ಕರ ಮಾಡಿ ಕೆಲಸ ಕಳೆದುಕೊಂಡು ಈ ದೇಶಕ್ಕೆ ಬಂದವನು. ಶಿಕಾಗೋ ಸುತ್ತ ಇಷ್ಟೊಂದು ಪೋಲಿಷ್ ಜನರಿದ್ದಾರೆ. ಓಡಿಬಂದವನೂ ಓಡಿಸಿದವನೂ ಒಂದೇ ಮೆಟ್ಟಿಲು ತುಳಿಯಬೇಕೇ! ಅವತ್ತು ಟಪಾಲು ಡಬ್ಬಿಗಳ ಹತ್ತಿರ ಅವನು ಸಿಕ್ಕಾಗ ನಾನು ನಿಮ್ಮ ಪಕ್ಕದಲ್ಲೇ ಇದ್ದೆ. ನೀವು ಟೋಪಿ ತೆಗೆದು, ಅಷ್ಟು ವರ್ಷ ಬಾಯಿಗೆ ಬಾರದಿದ್ದ ಆ ನಮಸ್ಕಾರವನ್ನು ನೀವೇ ಮೊದಲು ಹೇಳಿದಿರಿ. ಹೆನ್ರಿಕ್ ಡಬ್ಬಿಗೆ ಬೀಗ ಹಾಕಿದ, ಕಾಗದಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ, ಮುಖ ನೋಡದೆ ಏನೋ ಅಂದು ಹೋದ.

"ಏನಂದ?"

"ಗುಡ್ ಡೇ, ಡೈರೆಕ್ಟರ್ ಸಾಹೇಬ್ರೇ, ಅಂದ." ಮೆಟ್ಟಿಲು ಹತ್ತುತ್ತ ಒಂದೊಂದಕ್ಕೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಿರಿ. "ಸರಿಯಾಗೇ ಅಂದ. ನಾನು ಮೊದಲು ಹೇಳಿದ್ರೆ ಅದಕ್ಕೆ ಬೆಲೆ ಇಲ್ಲ. ಅವರಲ್ಲಿ ಒಬ್ಬ ಮೊದಲು ಹೇಳ್ಬೇಕು, ನಾನು ಉತ್ತರ ಕೊಡ್ಬೇಕು. ಒಂದೇ ಸಲ. ಬೇರೇನೂ ಬೇಡ ನನಗೆ."

ನನ್ನನ್ನು ನೀವು 'ಮೇಡಂ ಸೂಪರ್‌ವೈಸರ್' ಎಂದು ಕರೆಯುತ್ತಿದ್ದುದು ತಮಾಷೆಗಲ್ಲ ಎಂದು ನನಗೆ ಗೊತ್ತಾಗಲು ತಡವಾಯಿತು. ಏರ್‌ಪೋರ್ಟ್ ಪಕ್ಕದ ಕಾರ್ಗೋ ಗೋದಾಮಿನಲ್ಲಿ ಭಾನುವಾರದ ಶಿಫ್ಟ್ ಯಾರಿಗೆ ಎಂದು ಗೋಡೆಗೆ ಅಂಟಿಸುವವಳು ನಾನೇ. ಮೇಲಿನವರು ಹೇಳುತ್ತಾರೆ, ನಾನು ಅಂಟಿಸುತ್ತೇನೆ, ಬೈಗುಳ ನನಗೆ. ನಿಮ್ಮ ಹತ್ತಿರ ಇದನ್ನೇ ಗೋಳಾಡಿದ ದಿನ ನೀವು ಸಮಾಧಾನ ಮಾಡಲಿಲ್ಲ.

"ಬೆಳಿಗ್ಗೆ ನಿನ್ನ ಜನ ನಿನಗೆ ಏನಂತಾರೆ?"

"ಗುಡ್ ಮಾರ್ನಿಂಗ್ ಅಂತಾರೆ."

"ನೀನು?"

"ನಾನು ಸ್ಕ್ರೀನ್ ನೋಡ್ತಾ ಇರ್ತೀನಿ ಅಂಕಲ್."

ನೀವು ರೊಟ್ಟಿಯ ತಟ್ಟೆ ಬದಿಗೆ ಸರಿಸಿದಿರಿ. ಆಮೇಲೆ ಅಲ್ಲೇ ಮೇಜಿನ ಹತ್ತಿರ ಆ ನಮಸ್ಕಾರವನ್ನು ನನಗೆ ಕಲಿಸಲು ಕೂತಿರಿ. ನನ್ನ ಬಾಯಲ್ಲಿ ಅದು ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು. "ನನ್ನ ಕಿವಿ ಹೋಗ್ತಾ ಇದೆ. ಯಾವತ್ತಾದ್ರೂ ಹೆನ್ರಿಕ್ ಹೇಳಿ, ನನಗೆ ಕೇಳಿಸದೆ ಹೋದ್ರೆ? ನೀನು ಪಕ್ಕದಲ್ಲಿದ್ರೆ ನನ್ನ ತಿವಿ," ಎಂದಿರಿ. ಎಂಥ ಆಸೆ ಅಂಕಲ್ ನಿಮ್ಮದು! ಅವನು ನಿಮ್ಮನ್ನು ಕಂಡರೆ ರಸ್ತೆ ದಾಟುತ್ತಿದ್ದ.

ಈಗ ನಿಮಗೆ ತಿಳಿಯದ ಸುದ್ದಿಗೆ ಬರುತ್ತೇನೆ. ನಿಮ್ಮನ್ನು ಮಣ್ಣು ಮಾಡಿದ ದಿನ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ನೀರು ಹೆಪ್ಪುಗಟ್ಟುವ ಚಳಿ, ಗಾಳಿ ಬೇರೆ. ನಿಮ್ಮ ಮಗಳು ಹನ್ನಾ ಪೆಟ್ಟಿಗೆಯ ಮೇಲೆ ನಿಮ್ಮ ಗಣಿಯ ಟೋಪಿ ಇಟ್ಟಿದ್ದಳು, ಅಧಿಕಾರಿಗಳಿಗೆ ಕೊಡುತ್ತಿದ್ದ ಬಿಳಿ ಗರಿಯ ಟೋಪಿ. ಕೂಲಿಯವರದು ಕಪ್ಪು ಗರಿ ಎಂದು ನೀವೇ ಹೇಳಿದ್ದಿರಿ. ಬಂದವರು ಬೆರಳೆಣಿಕೆಯಷ್ಟು ಜನ. ಪಾದ್ರಿಯ ಮಂತ್ರ ಮುಗಿಯುತ್ತಲೇ ಎಲ್ಲರೂ ಊಟದ ಹೋಟೆಲಿಗೆಂದು ಕಾರುಗಳ ಕಡೆ ನಡೆದರು. ಶರಣು ಕಾರು ಬಿಸಿ ಮಾಡಲು ಹೋದ. ನಾನು ಗುಂಡಿಯ ಹತ್ತಿರವೇ ನಿಂತಿದ್ದೆ.

ಆಗ ಹೆನ್ರಿಕ್ ಬಂದ. ಅಷ್ಟು ಹೊತ್ತೂ ಗೇಟಿನ ಹತ್ತಿರ ನಿಂತಿದ್ದನೇನೋ, ಮೂಗು ಕೆಂಪಾಗಿತ್ತು. ದಿನವೂ ಹಾಕುವ ಅದೇ ಹಳೇ ಜಾಕೆಟ್ಟು. ಗುಂಡಿಯ ಅಂಚಿಗೆ ಬಂದು ಉಣ್ಣೆಯ ಟೋಪಿ ತೆಗೆದ. ಗರಿಯ ಟೋಪಿ ಇಟ್ಟಿದ್ದ ಪೆಟ್ಟಿಗೆಯನ್ನೇ ನೋಡಿದ. ಬೈಯುತ್ತಾನೆ ಎಂದು ನನಗೆ ಭಯವಾಯಿತು. ಹೇಳಿದ್ದು ಎರಡೇ ಮಾತು: ಶ್ಚೆಂಶ್ಚ್ ಬೋಝೆ.

ತಿವಿಯೋಣವೆಂದರೆ ನೀವೆಲ್ಲಿದ್ದೀರಿ? ವಿಮಾನವೊಂದು ಸದ್ದು ಮಾಡುತ್ತ ಮೇಲೆ ಹಾದುಹೋಯಿತು. ಅವನು ಟೋಪಿ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ, ಉತ್ತರ ಬರದ ಹೊರತು ಹೋಗಬಾರದು ಎನ್ನುವ ಹಾಗೆ. ನನಗೆ ಅಳು ಬಂತು ಅಂಕಲ್. ಅಳುತ್ತಲೇ, ಸಾಸಿವೆ ಸಿಡಿಸುತ್ತ, ನಾನು ಉತ್ತರ ಕೊಟ್ಟೆ.

ಅವನು ನನ್ನ ಕಡೆ ತಿರುಗಿ ದಿಟ್ಟಿಸಿದ. "ಡೈರೆಕ್ಟರ್ ಕಲಿಸಿದ್ದಾ?"

"ಹೌದು. ಅವರ ಬದಲಿಗೆ ಹೇಳಿದೆ."

ತಲೆಯಾಡಿಸಿ ಟೋಪಿ ಹಾಕಿಕೊಂಡ. ಊಟಕ್ಕೆ ನಮ್ಮ ಕಾರಿನಲ್ಲೇ ಬಂದ. ಕ್ಷಮಿಸಿದನೇ ಎಂದು ಕೇಳಬೇಡಿ. ನಾನೂ ಕೇಳಲಿಲ್ಲ.

ಭಾನುವಾರದ ಶಿಫ್ಟು ನಿಂತಿಲ್ಲ. ನಾಳೆಯೂ ಹಾಳೆ ಅಂಟಿಸಬೇಕು. ಆದರೆ ಗುಡ್ ಮಾರ್ನಿಂಗ್ ಅಂದವರಿಗೆ ತಲೆ ಎತ್ತಿ, ಮುಖ ನೋಡಿ ಉತ್ತರ ಕೊಡುತ್ತೇನೆ, ಅಷ್ಟು ಮಾತು ಕೊಡಬಲ್ಲೆ. ಎಷ್ಟೇ ಸುಸ್ತಾಗಿದ್ದರೂ.

ಇನ್ನು ನಿಶ್ಚಿಂತೆಯಾಗಿ ಮಲಗಿ. ಹೆನ್ರಿಕನಿಗೆ ನಾನೇನೂ ಹೇಳಿಕೊಟ್ಟಿರಲಿಲ್ಲ, ಹನ್ನಾಳೂ ಕೇಳಿಕೊಂಡಿರಲಿಲ್ಲ. ಅವನೇ ಮೊದಲು ಹೇಳಿದ, ಅಂಕಲ್.

ನಿಮ್ಮ ಮೇಲಿನ ಮನೆಯ
ಶಾಂತಾ