ಸೈರನ್‌ನಿಂದ ಸೈರನ್‌ವರೆಗೆ

ಡಿಸೆಂಬರ್ 18

ಇವತ್ತು ಸಮಾಜ ವಿಜ್ಞಾನ. ಎಂಟರ ಸೈರನ್ ಕೂಗುವ ಮೊದಲೇ ಮಗಳು ಧನ್ಯಶ್ರೀ ಚಾಪೆ ಹಾಸಿಕೊಂಡು ಕೂತಿದ್ದಳು. ಮಡಚಿದ ಪ್ರಶ್ನೆ ಹಾಳೆ ಮುಂದಿಟ್ಟೆ. ಸೈರನ್ ಆದ ಮೇಲೇ ಬಿಚ್ಚಬೇಕು, ಹನ್ನೆರಡರ ಊಟದ ಸೈರನ್‌ಗೆ ಪೆನ್ನು ಕೆಳಗೆ. ನಮ್ಮ ಮನೆ ಕಾನೂನು. ನಾನು ಕಾಫಿ ಹಣ್ಣು ಕುಯ್ಯಲು ತೋಟದಲ್ಲಿರುತ್ತೇನೆ, ಫೋನು ನನ್ನ ಗಂಡನ ಜೀಪಿನಲ್ಲಿರುತ್ತದೆ. ಗೋಡೆ ಗಡಿಯಾರ ನಿಂತು ವರ್ಷವಾಯಿತು. ಎಸ್ಟೇಟಿನ ಸೈರನ್ ಮಾತ್ರ ತಪ್ಪಿದ್ದಿಲ್ಲ.

ಪ್ರಶ್ನೆ ಬರೆದುಕೊಡುವವರು ಗುರುವಯ್ಯನವರು. ಇದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ರಿಟೈರ್ ಆದವರು. ಟೆಕ್ಸ್ಟ್‌ಬುಕ್ ನೋಡಿ ಅವರೇ ಪ್ರಶ್ನೆ ತೆಗೆಯುತ್ತಾರೆ. ಪ್ರತಿಫಲ ಒಂದು ಲೋಟ ಬೆಲ್ಲದ ಕಾಫಿ.

ಬುಟ್ಟಿ ಸುರಿಯುವಾಗ ಮೇಸ್ತ್ರಿ ಹೆಂಡತಿ ಪ್ರೇಮಕುಮಾರಿ ಎಲ್ಲರಿಗೂ ಕೇಳುವ ಹಾಗೆ ಅಂದಳು. “ಏನ್ ಟೀಚರಮ್ಮ, ನಿಮ್ ಸ್ಕೂಲಿಗೆ ಇನ್ಸ್‌ಪೆಕ್ಷನ್ ಯಾವಾಗ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಖಾಲಿ ಬುಟ್ಟಿ ಎತ್ತಿಕೊಂಡೆ. ನಾನು ಓದಿದ್ದು ಎಂಟು, ಅದೂ ಅರ್ಧ. ಎಂಟು ಓದಿದವಳು ಹತ್ತು ಓದಿಸುವುದಾ?

ಆದರೆ ಎರಡು ವರ್ಷದ ಹಿಂದೆ ಸ್ಕೂಲಿನ ಸೆಕ್ರೆಟರಿ ರೇಣುಕಪ್ರಸಾದ್ ಅವರ ಮುಂದೆ ನಿಂತಿದ್ದು ಮರೆಯುವುದಿಲ್ಲ. ನಮ್ಮ ಸ್ಕೂಲಿಂದು ನೂರಕ್ಕೆ ನೂರು ರಿಸಲ್ಟ್, ನಿಮ್ಮ ಮಗಳು ನಿಧಾನ, ಒಂಬತ್ತಕ್ಕೆ ಬಿಡುವುದಿಲ್ಲ, ಎಂಟನ್ನೇ ಇನ್ನೊಂದು ಸಲ ಕೂರಿಸಿ, ಇಲ್ಲ ಟಿಸಿ ತಗೊಳ್ಳಿ ಅಂದರು. ತಗೊಂಡೆ. ಗಂಡನನ್ನೂ ಕೇಳಲಿಲ್ಲ. ಮನೆಯಲ್ಲೇ ಓದಿ ಪ್ರೈವೇಟಾಗಿ ಎಸ್‌ಎಸ್‌ಎಲ್‌ಸಿ ಬರೆಯಬಹುದು ಎಂದು ಬಸ್ಸಿನಲ್ಲಿ ಯಾರೋ ಆಡಿದ್ದು ಕಿವಿಗೆ ಬಿದ್ದಿತ್ತು. ಅಷ್ಟೇ ಬಂಡವಾಳ.

ಜನವರಿ 11

ಪರೀಕ್ಷೆಯ ಅರ್ಜಿ ಹೋಗಿ ತಿಂಗಳಾಯಿತು. ಫೋಟೋದಲ್ಲಿ ಅವಳ ಕಿವಿ ಕಾಣುವುದಿಲ್ಲ — ರಿಜೆಕ್ಟ್ ಮಾಡಿದರೆ? ಟಿಸಿಯ ಮೇಲೆ ಸೀಲು ಮಸುಕಾಗಿದೆ. ಇವರಿಗೆ ಹೇಳಿದರೆ, “ಕಿವಿ ನೋಡಿ ಪಾಸ್ ಮಾಡಲ್ಲ, ಮಲ್ಕೊ ಮಾರಾಯ್ತಿ” ಅಂದರು.

ಗಣಿತ ಬರೆದಳು. ಸೈರನ್ ಆಗುವಷ್ಟರಲ್ಲಿ ಪೂರ್ತಿ ಮುಗಿದಿತ್ತು. ಗುರುವಯ್ಯನವರು ತಿದ್ದಿ ನಲವತ್ತೆರಡು ಕೊಟ್ಟರು. ಆ ಹಾಳೆಯನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೇನೆ. ಯಾಕೆ ಎಂದು ಗೊತ್ತಿಲ್ಲ.

ಮಾರ್ಚ್ 8

ಹಾಲ್ ಟಿಕೆಟ್ ಬಂತು. ಕಿವಿಯ ಬಗ್ಗೆ ಯಾರೂ ಕೇಳಲಿಲ್ಲ. ಸೆಂಟರ್ ಮೂಡಿಗೆರೆ.

ಖುಷಿಯಲ್ಲಿ ಮೇಲಿಂದ ಕೆಳಗೆ ಓದುತ್ತಿದ್ದವಳು ಒಂದು ಕಡೆ ನಿಂತೆ. ಸಮಯ ಹತ್ತರಿಂದ ಒಂದೂ ಕಾಲು. ಬೆರಳು ಮಡಚಿ ಎಣಿಸಿದೆ. ಮತ್ತೆ ಎಣಿಸಿದೆ. ಮೂರೂ ಕಾಲು ಗಂಟೆ.

ನಾವು ಬರೆಸಿದ್ದು ಎಂಟರಿಂದ ಹನ್ನೆರಡು. ನಾಲ್ಕು.

ಗುರುವಯ್ಯನವರ ಮನೆಗೆ ಓಡಿದೆ. ಪಾಪ, ಅವರ ಮುಖ ಬಿಳಿಚಿತು. ಅವರ ಕಾಲದ ಪರೀಕ್ಷೆ ಅವರಿಗೆ ನೆನಪಿಲ್ಲ, ಹೊತ್ತು ನಾನು ನೋಡಿಕೊಂಡಿದ್ದೇನೆ ಎಂದು ಅವರು, ಅವರಿಗೆ ಗೊತ್ತಿರುತ್ತದೆ ಎಂದು ನಾನು ನಂಬಿದ್ದೆವು. ದೊಡ್ಡ ಪರೀಕ್ಷೆ, ಹೊತ್ತೂ ದೊಡ್ಡದಿರುತ್ತದೆ ಅಂದುಕೊಂಡೆ. ಸ್ಕೂಲಿಗೆ ಹೋಗುವ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ನಗುತ್ತಾರೆ ಎಂಬ ಭಯ. ಎರಡು ವರ್ಷ ಓದಿಸಿ, ಮುಕ್ಕಾಲು ಗಂಟೆ ಜಾಸ್ತಿ ಕೊಟ್ಟು ಕೆಡಿಸಿದೆ.

ಧನ್ಯ ಹಾಲ್ ಟಿಕೆಟನ್ನು ನೋಡಿದಳು, ನನ್ನನ್ನು ನೋಡಿದಳು. ಚಾಪೆ ಸುತ್ತಿ ಮೂಲೆಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 10

ಕೆಲಸಕ್ಕೆ ರಜೆ ಹಾಕಿದೆ. ಇವರು ಫೋನು ಬಿಟ್ಟು ಹೋದರು. ಟೈಮರ್ ಇಟ್ಟು ಗಣಿತ ಬರೆಸಿದೆ. ಬೀಪ್ ಅಂದಾಗ ಕೊನೆಯ ಎರಡು ದೊಡ್ಡ ಪ್ರಶ್ನೆ ಹಾಗೇ ಇದ್ದವು. ಅತ್ತೆ ಭಾಗಮ್ಮ ಒಲೆ ಮುಂದಿನಿಂದಲೇ, ಸುಮ್ಮನೆ ಸ್ಕೂಲಲ್ಲಿ ಬಿಟ್ಟಿದ್ದರೆ ಇದೆಲ್ಲ ಇತ್ತಾ ಅಂದರು. ಎಂಟನೇ ಕ್ಲಾಸಲ್ಲಿ ಕೊಳೆಯುತ್ತಿದ್ದಳು ಅಂದೆ. ಅತ್ತೆಗೆ ಎದುರಾಡಿದ್ದು ಇದೇ ಮೊದಲು. ಮಾತು ವಾಪಸ್ ತಗೊಳ್ಳಲಿಲ್ಲ.

ಮಾರ್ಚ್ 24, ಸಂಜೆ

ಗಣಿತ ಮುಗಿಯಿತು. ಗೇಟಿನಿಂದ ಕೊನೆಗೆ ಬಂದವಳು ಇವಳು. ಪ್ರಮೇಯದ ಚಿತ್ರವನ್ನು ಸ್ಕೇಲ್ ಇಟ್ಟು ಚೆನ್ನಾಗಿ ಬರೆದಳಂತೆ, ಸಾಧನೆ ಬರೆಯುವಾಗ ಬೆಲ್ ಆಯಿತು. ಪೇಪರ್ ಕಿತ್ತುಕೊಂಡರಂತೆ.

“ಬರ್ತಿತ್ತಮ್ಮ ನಂಗೆ.”



ಮೇ 3

ರಿಸಲ್ಟ್. ಐದು ಪಾಸು. ಕನ್ನಡದಲ್ಲಿ ಫಸ್ಟ್ ಕ್ಲಾಸ್ ಮಾರ್ಕ್ಸ್. ಗಣಿತಕ್ಕೆ ನಾಲ್ಕು ಮಾರ್ಕ್ಸ್ ಕಡಿಮೆ.

ನಾಲ್ಕು...

ಪ್ರೇಮಕುಮಾರಿ ಸಾಂತ್ವನ ಹೇಳಲು ಬಂದಳು. ಹಲಸಿನ ಹಪ್ಪಳ ತಂದಿದ್ದಳು. ಇಟ್ಟುಕೊಂಡೆ. ಕರಿಯಲಿಲ್ಲ.

ಮೇ 6

ಸೆಕ್ರೆಟರಿ ಹೇಳಿ ಕಳಿಸಿದರು — ಬನ್ನಿ, ಒಂದು ದಾರಿ ಮಾಡೋಣ. ಅತ್ತೆಯ ಒತ್ತಾಯ, ಇವರದೂ ಸ್ವಲ್ಪ. ಹೋದೆ. ನಿನ್ನೆ ರಾತ್ರಿ ನಿದ್ದೆ ಬಂದಿರಲಿಲ್ಲ, ಸೀರೆಯ ನೆರಿಗೆ ಕೂಡ ಸರಿ ಕೂರಲಿಲ್ಲ.

ಕೂರಲು ಹೇಳಿದರು, ಅದೇ ಹೊಸದು. ಒಂಬತ್ತಕ್ಕೆ ಸೇರಿಸಿಕೊಳ್ಳುತ್ತಾರಂತೆ. ಪಾಸಾದ ಐದು ವಿಷಯ ಏನಾಗುತ್ತದೆ ಎಂದು ಕೇಳಿದೆ. ಅದನ್ನೆಲ್ಲ ಮರೆತು ಫ್ರೆಶ್ಶಾಗಿ ಶುರು ಮಾಡಲಿ ಅಂದರು. ಆಮೇಲೆ ಬಿಳಿ ಹಾಳೆ, ಪೆನ್ನು ನನ್ನ ಮುಂದೆ ತಳ್ಳಿದರು.

“ಮನೇಲಿ ಓದಿಸಿದ್ದು ನಮ್ಮ ತಪ್ಪು ಅಂತ ಒಂದು ಲೆಟರ್ ಬರ್ಕೊಡಿ. ಫೈಲಿಗೆ ಬೇಕು.”

ತಪ್ಪು ಮಾಡಿದ್ದೇನೆ. ಹೊತ್ತು ಕೇಳದೇ ಹೋದದ್ದು ತಪ್ಪು. ಅದನ್ನು ಧನ್ಯನ ಮುಂದೆ ಒಪ್ಪಿದ್ದೇನೆ. ಆದರೆ ಸೆಕ್ರೆಟರಿ ಬರೆಸುತ್ತಿರುವುದು ಆ ತಪ್ಪನ್ನಲ್ಲ.

ಬರೆದೆ. “ಧನ್ಯಶ್ರೀ ಮನೆಯಲ್ಲಿ ಓದಿ ಐದು ವಿಷಯ ಪಾಸಾಗಿದ್ದಾಳೆ. ಆರನೆಯದನ್ನೂ ಮನೆಯಲ್ಲೇ ಓದಿ ಇದೇ ತಿಂಗಳ ಪರೀಕ್ಷೆ ಎರಡರಲ್ಲಿ ಬರೆಯುತ್ತಾಳೆ. ಇಂತಿ, ರಂಜಿತಾ, ತಾಯಿ.” ಅಕ್ಷರ ಓರೆ ಬಿತ್ತು. ಅವರು ಓದಿ, ಹಟ ಒಳ್ಳೆಯದಲ್ಲಮ್ಮ ಅಂದರು. ನಮಸ್ಕಾರ ಹೇಳಿ ಎದ್ದೆ.

ಜೀಪಿನಲ್ಲಿ ಇವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ತಿರುವಿನಲ್ಲಿ ಗೇರ್ ಬದಲಿಸಿದರು.

“ಆ ಕಾಗದ ಅವ್ರಿಗೇ ಕೊಟ್ ಬಂದ್ಯಾ? ಒಂದ್ ಕಾಪಿ ಇಟ್ಕೋಬೇಕಿತ್ತಲ್ಲೇ.”

ಮೇ 7

ಪರೀಕ್ಷೆ ಎರಡಕ್ಕೆ ಅರ್ಜಿ ಹಾಕಿದೆವು. ಸೈಬರ್ ಅಂಗಡಿಯ ಸ್ವಾತಿಯನ್ನು ಹೊತ್ತು ಎಷ್ಟು ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಮೂರೂ ಕಾಲು ಗಂಟೆ ಅಂದಳು. ಮೂರನೆಯ ಸಲ ನಕ್ಕಳು. ನಗಲಿ.

ಮೇ 15

ಅಲಾರಂ ಗಡಿಯಾರ ತಂದಿದ್ದೇವೆ. ಬರೆಯಲು ಕೂತ ಮೂರು ಗಂಟೆಗೆ ಹೊಡೆಯುವ ಹಾಗೆ ಇಡುವುದು. ಕಾಲು ಗಂಟೆ ಕೈಯಲ್ಲಿರಲಿ.

ಇನ್ನೂ ಮುಗಿಯುತ್ತಿಲ್ಲ. ಒಂದನೇ ಪ್ರಶ್ನೆಯಿಂದ ಹಿಡಿದು ವರಸೆಯಾಗಿ ಹೋಗುತ್ತಾಳೆ, ಸಿಕ್ಕಿಕೊಂಡಲ್ಲಿ ಅಲ್ಲೇ ಕೂರುತ್ತಾಳೆ. ಮುಂದೆ ಹೋಗು ಅಂತ ಗದರಿದೆ. ಪೆನ್ನು ಇಟ್ಟು ನನ್ನನ್ನೇ ನೋಡಿದಳು.

“ನೀನು ತೋಟದಲ್ಲಿ ಹೆಂಗ್ ಕುಯ್ತೀಯ?”

ಹಣ್ಣಾದದ್ದು ಮೊದಲು, ಕಾಯಿ ಬಿಟ್ಟು ಮುಂದಿನ ಗಿಡ, ಹದಿನೈದು ದಿನ ಬಿಟ್ಟು ಎರಡನೇ ಸುತ್ತು ಅಂದೆ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸ, ಮಗಳಿಗೆ ಹೇಳಿಕೊಡಲು ಹೊಳೆಯಲೇ ಇಲ್ಲ. ಅಲಾರಂ ತಿರುಗಿಸಿ, ಬರುವ ಲೆಕ್ಕ ಮೊದಲು ಹುಡುಕುತ್ತಾ ಮತ್ತೆ ಕೂತಳು.

ಮೇ 28, ಮೂಡಿಗೆರೆ. 11.40

ಗೇಟಿನ ಎದುರು ಜೆರಾಕ್ಸ್ ಅಂಗಡಿಯ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಮೋಡ ಇದೆ. ನೀರು ಒಯ್ದಿದ್ದಾಳೆ, ಎರಡು ಪೆನ್ನು ಒಯ್ದಿದ್ದಾಳೆ. ಕಂಪಾಸ್ ಬಾಕ್ಸ್ ನೋಡಿದೆನಾ? ನೋಡಿದೆ. ಇವಳಿಗೆ ಇವತ್ತೂ ಆಗದಿದ್ದರೆ ಪರೀಕ್ಷೆ ಮೂರು ಇದೆ. ಅದಕ್ಕೂ ಬರುತ್ತೇನೆ, ಇದೇ ಕಟ್ಟೆಗೆ.

1.05

ಇನ್ನೂ ಹತ್ತು ನಿಮಿಷ. ಪ್ರಮೇಯ ಮುಟ್ಟಿದಳೋ ಇಲ್ಲವೋ. ಅಂಗಡಿಯವರು ಟೀ ಕೊಟ್ಟರು, ಕುಡಿಯಲು ಆಗಲಿಲ್ಲ.

1.25

ಬಂದಳು. ಎಲ್ಲರೂ ಓಡಿ ಬರುತ್ತಿದ್ದರೆ ಇವಳು ನಡೆದುಕೊಂಡು ಬಂದಳು. ಪಕ್ಕದಲ್ಲಿ ಕೂತು ನನ್ನ ಟೀ ಎತ್ತಿ ಕುಡಿದಳು, ಆರಿ ಹೋಗಿದ್ದನ್ನೇ. ಪ್ರಮೇಯ ಬರೆದೆಯಾ ಅಂದೆ. ಹ್ಞೂಂ ಅಂದಳು. ಪೂರ್ತಿಯಾ ಅಂದೆ.

“ಪೂರ್ತಿ. ಆಮೇಲೂ ಹೊತ್ತು ಉಳೀತಮ್ಮ.”

ಉಳಿದ ಹೊತ್ತಲ್ಲಿ ಏನು ಮಾಡಿದೆ, ತಿರುಗಿ ನೋಡಿದೆಯಾ, ಲೆಕ್ಕ ತಾಳೆ ಹಾಕಿದೆಯಾ...

“ಎರಡ್ ಸಲ ನೋಡ್ದೆ. ಆಮೇಲೆ ಸುಮ್ನೆ ಕೂತಿದ್ದೆ. ಉಳ್ದೋರೆಲ್ಲ ಬರೀತಾ ಇದ್ರು.”

ರಿಸಲ್ಟ್ ಏನು ಬರುತ್ತದೋ, ಅದು ಬೇರೆ. ಹೊತ್ತು ಉಳಿಯಿತು, ಇದನ್ನು ಮೊದಲು ಬರೆದಿಡಬೇಕು, ಇವಳು ಪುಸ್ತಕ ಎಳೆಯುತ್ತಿದ್ದಾಳೆ, ಹಸಿವಂತೆ, ನಡಿ ಅನ್ನುತ್ತಾಳೆ, ಒಂದು ನಿಮಿಷ ಅಂದರೂ ಕೇಳದೆ...